ಅಮ್ಮನ ಸೀಟಿನ ಕೆಳಗೆ

ಫೆಬ್ರವರಿ 2

ರೈಲು ಡಬ್ಬಿಗಳ ಮಹಾರಾಣಿಗೆ, ಕಬ್ಬಿಣದ ಕೋಟೆಯ ಒಡತಿಗೆ, ಒಡಹುಟ್ಟಿದ ಒಬ್ಬಳೇ ಒಬ್ಬ ತಂಗಿಗೆ,

ಪರದೆ ಎದ್ದಿತು. ಯಾವ ಪರದೆ ಅಂತೀಯಾ? ನಮ್ಮ ಹಿತ್ತಲಿನ ಶೆಡ್ಡಿನದು. ನಾಟಕ ಕಂಪನಿ ಮುಚ್ಚಿದ ದಿನ ನಾನೇ ಸುತ್ತಿಟ್ಟ ಅರಣ್ಯ, ಅರಮನೆ, ಸೆರೆಮನೆ ಪರದೆಗಳನ್ನು ನಿನ್ನೆ ಒಂದೊಂದಾಗಿ ಎತ್ತಿದೆ. ಅರಣ್ಯ ಎತ್ತಿದರೆ ಧೂಳು, ಅರಮನೆ ಎತ್ತಿದರೆ ಇಲಿ. ಸೆರೆಮನೆ ಎತ್ತಿದೆ ನೋಡು, ಅಲ್ಲಿ ಕೂತಿತ್ತು, ನಮ್ಮಪ್ಪನ ಕಾರು! ಟೈರು ನಾಲ್ಕೂ ನೆಲಕ್ಕೆ ಅಂಟಿ, ಎರಡು ದುಂಡು ದೀಪಗಳಲ್ಲಿ ಜೇಡರ ಬಲೆ ಕಟ್ಟಿಕೊಂಡು, ರಾಜ್ಯ ಕಳೆದುಕೊಂಡ ಮುದಿ ದೊರೆಯ ಹಾಗೆ. ಬಾಗಿಲು ಎಳೆದರೆ ಬಾಗಿಲೇ ಕೈಗೆ ಬಂತು. ತುಕ್ಕು ಅಂದರೆ ತುಕ್ಕು. ಆದರೆ ಸ್ಟೀರಿಂಗ್ ಹಿಡಿದಾಗ ಅಪ್ಪನ ಅಂಗೈ ಸವೆಸಿದ ಜಾಗ ನನ್ನ ಅಂಗೈಗೆ ಸರಿಯಾಗಿ ಕೂತಿತು.

ಆಗಲೇ ತೀರ್ಮಾನ ಮಾಡಿದೆ. ಮೇ ಹತ್ತಕ್ಕೆ ನಿನ್ನ ಮದುವೆ. ಅಮ್ಮ ಬಸ್ಸಿನಲ್ಲಿ ಗಂಟುಮೂಟೆಯ ಜೊತೆ ಬಂದು ಇಳಿಯುವುದಿಲ್ಲ. ಈ ಕಾರಿನಲ್ಲಿ, ಹಿಂದಿನ ಸೀಟಿನ ಎಡಗಡೆ, ತನ್ನ ಜಾಗದಲ್ಲಿ ಕೂತು ಬೆಟ್ಟದ ರಸ್ತೆ ದಾಟಿ ನಿನ್ನ ಬಾಗಿಲಿಗೆ ಬಂದು ಇಳಿಯುತ್ತಾಳೆ. ಓಡಿಸುವವನು ನಾನು.

ಅಮ್ಮನ ಕಣ್ಣು ಈಗ ಬೆಳಕು ನೆರಳು ಬಿಟ್ಟರೆ ಬೇರೇನೂ ಹಿಡಿಯುವುದಿಲ್ಲ. ಕೈ ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋದೆ. ಬಾನೆಟ್ಟನ್ನು ಸವರಿದಳು. "ನಾನು ಕುಟ್ಟದೆ ಹೊರಡುತ್ತಿರಲಿಲ್ಲ ಕಣೋ ಇದು" ಅಂದಳು. ನಿನಗೆ ನೆನಪಿದೆಯಾ? ರಂಗದ ಪಕ್ಕ ನಿಂತು ಮಾತು ಎತ್ತಿಕೊಡುತ್ತಿದ್ದವಳು ಇವಳೇ, ಪರದೆ ಏಳುವ ಮುಂಚೆ ಹಿಮ್ಮಡಿಯಿಂದ ಮೂರು ಸಲ ಹಲಗೆ ಕುಟ್ಟುತ್ತಿದ್ದವಳೂ ಇವಳೇ. ಕಾರಿನಲ್ಲೂ ಹಾಗೇ. ಅವಳು ಹಿಮ್ಮಡಿ ಕುಟ್ಟಬೇಕು, ತಳ ಗಣ್ ಗಣ್ ಅನ್ನಬೇಕು, ಆಮೇಲೆ ಅಪ್ಪ ಗೇರು ಹಾಕಬೇಕು.

ಎಂಜಿನ್ನಿಗೆ ಗ್ರೀಸ್ ಮಾಮನನ್ನು ಹಿಡಿದಿದ್ದೇನೆ. ಕಂಪನಿಯ ಜನರೇಟರ್ ನೋಡಿಕೊಳ್ಳುತ್ತಿದ್ದನಲ್ಲ, ಅವನೇ. ಮಿಕ್ಕಿದ್ದೆಲ್ಲ ನನ್ನ ಕೈಚಳಕ.

ಇಂತಿ, ಅರಣ್ಯ ಅರಮನೆ ಸೆರೆಮನೆಗಳ ಸೃಷ್ಟಿಕರ್ತ,
ನಿನ್ನ ಅಣ್ಣ


ಫೆಬ್ರವರಿ 16

ಅಣ್ಣಾ,

ಪತ್ರ ಓದಿದೆ. ಓದಿದೆ ಅನ್ನುವುದಕ್ಕಿಂತ ಕೇಳಿಸಿತು ಅನ್ನಬೇಕು. ರೈಲ್ವೆ ವರ್ಕ್‌ಶಾಪಿನ ಗದ್ದಲದಲ್ಲೂ ನಿನ್ನ ಗಂಟಲು ಗೆದ್ದಿತು.

ಕಾರು ರಿಪೇರಿ ಮಾಡು, ನನಗೂ ಸಂತೋಷವೇ. ಆದರೆ ಮದುವೆಗೆ ಬಸ್ಸಿನಲ್ಲಿ ಬನ್ನಿ. ರಿಜಿಸ್ಟ್ರಾರ್ ಆಫೀಸಿನಲ್ಲಿ ಎರಡು ಸಹಿ, ಒಂದು ಊಟ, ಅಷ್ಟೇ. ಮೇಷ್ಟ್ರ ಮನೆಯವರು ಗದ್ದಲದವರಲ್ಲ. (ಮದುವೆಗೆ ಮುಂಚೆಯೇ ನಾನೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದೇನೆ, ನಗಬೇಡ.)

ಒಂದು ಮಾತು. ನಾನು ದಿನವಿಡೀ ಡಬ್ಬಿಗಳ ಹೊಟ್ಟೆಯ ಕೆಳಗೆ ಮಲಗಿ ನೋಡುವವಳು. ತುಕ್ಕು ಮೇಲೆ ಕಾಣುವಷ್ಟೇ ಇರುವುದಿಲ್ಲ. ಬಾಗಿಲು ಕೈಗೆ ಬಂದರೆ ಬಾಗಿಲು ಹೋಯಿತು ಅಷ್ಟೇ. ತಳದಲ್ಲಿ ಮುಂದಿನಿಂದ ಹಿಂದಕ್ಕೆ ಎರಡು ಉದ್ದ ತೊಲೆಗಳಿವೆಯಲ್ಲ, ಇಡೀ ಕಾರು ನಿಂತಿರುವುದು ಅವುಗಳ ಮೇಲೆ. ಅವು ಹೋಗಿದ್ದರೆ ಬೆಟ್ಟದ ತಿರುವಿನಲ್ಲಿ ಕಾರು ನಡು ಮುರಿದುಕೊಂಡು ಕೂರುತ್ತದೆ. ಸಣ್ಣ ಸುತ್ತಿಗೆ ತೆಗೆದುಕೊಂಡು ಕೆಳಗೆ ನುಗ್ಗಿ ಉದ್ದಕ್ಕೂ ತಟ್ಟು. ಒಳ್ಳೆ ಕಬ್ಬಿಣ ದನಿ ಕೊಡುತ್ತದೆ. ಏನು ಕೇಳಿಸಿತು ಅಂತ ಬರಿ.

ಅಮ್ಮನಿಗೆ ಮಾತ್ರೆ ತಪ್ಪಿಸಬೇಡ.

ನಿನ್ನ ತಂಗಿ


ಮಾರ್ಚ್ 11

ಗದ್ದಲವಿಲ್ಲದ ಮನೆಯ ಭಾವೀ ಸೊಸೆಗೆ,

ಗುಡುಗಿತು! ಎಂಜಿನ್ ಗುಡುಗಿತು! ಗ್ರೀಸ್ ಮಾಮ ಕಾರ್ಬುರೇಟರ್ ಬಿಚ್ಚಿ, ತೊಳೆದು, ಊದಿ, ಬೈದು, ಮತ್ತೆ ಜೋಡಿಸಿ, ಹ್ಯಾಂಡಲ್ ತಿರುಗಿಸಿದ. ಮೊದಲು ಕೆಮ್ಮಿತು. ಆಮೇಲೆ ಹೊಗೆ. ಆಮೇಲೆ ಅಪ್ಪ ಮೂರನೇ ಅಂಕದಲ್ಲಿ ಪ್ರವೇಶ ಮಾಡುವಾಗ ನಗುತ್ತಿದ್ದನಲ್ಲ, ಅದೇ ನಗು. ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಲೋಟ ಬಿತ್ತು. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದು ನಿಂತಳು. ಮುಖ ಎಲ್ಲಿಗೋ ತಿರುಗಿತ್ತು, ಕಿವಿ ಮಾತ್ರ ಕಾರಿನ ಕಡೆಗಿತ್ತು.

ಬಾಗಿಲುಗಳನ್ನು ಕೂರಿಸಿದ್ದೇನೆ. ಸೀಟುಗಳಿಗೆ ರಾಜಸಭೆಯ ಕೆಂಪು ಮಖಮಲ್ಲು ಹೊದಿಸಿದ್ದೇನೆ. ಬಣ್ಣ ದಂತದ ಬಿಳುಪು, ಅಂಚಿಗೆ ಮರೂನು.

ಗ್ರೀಸ್ ಮಾಮ ಕೆಲಸ ಬಿಟ್ಟು ಹೋದ. ಹೋಗಲಿ. ಅವನಿಗೆ ನಟ್ಟು ಗೊತ್ತು, ಬೋಲ್ಟು ಗೊತ್ತು, ಕಲೆ ಗೊತ್ತಿಲ್ಲ. ಬ್ರೇಕು ಸ್ಟೇಷನ್ ಹತ್ತಿರದ ಗ್ಯಾರೇಜಿನವನು ನೋಡಿಕೊಡುತ್ತಾನೆ.

ನಿನ್ನ ಅಣ್ಣ


ಏಪ್ರಿಲ್ 2

ಅಣ್ಣಾ,

ತಡವಾಯಿತು. ಕೆಲಸ ಹೆಚ್ಚಿತ್ತು. ಅಕ್ಷರ ಸೊಟ್ಟಗಿದ್ದರೆ ತಪ್ಪು ತಿಳಿಯಬೇಡ, ಮಲಗಿಕೊಂಡು ಬರೆಯುತ್ತಿದ್ದೇನೆ.

ಬಾಗಿಲು, ಬಣ್ಣ, ಮಖಮಲ್ಲು ಎಲ್ಲ ಬರೆದೆ. ನಾನು ಕೇಳಿದ್ದೊಂದನ್ನು ಬಿಟ್ಟೆ. ಬಣ್ಣ ಯಾರಿಗೋಸ್ಕರ ಅಣ್ಣಾ? ಅಮ್ಮನಿಗಂತೂ ಕಾಣುವುದಿಲ್ಲ.

ಗ್ರೀಸ್ ಮಾಮ ಯಾಕೆ ಹೋದ? ಅಪ್ಪ ಇಡೀ ಕಂಪನಿಯ ಎದುರಿಗೆ ಬೈದಾಗಲೂ ಹೋಗದವನು ನಿನ್ನನ್ನು ಬಿಟ್ಟು ಹೋದನೆಂದರೆ ನೀನು ಅವನಿಗೆ ಏನೋ ಮಾಡು ಅಂದಿರಬೇಕು, ಇಲ್ಲವೇ ಏನೋ ಮಾಡಬೇಡ ಅಂದಿರಬೇಕು.

ತೊಲೆಗಳನ್ನು ತಟ್ಟಿದೆಯಾ? ಮುಂದಿನ ಚಕ್ರದ ಹತ್ತಿರ, ನಡುವೆ, ಅಮ್ಮನ ಸೀಟಿನ ಕೆಳಗೆ. ಅಪ್ಪನ ಕಾಲದಲ್ಲಿ ಮಳೆ ನೀರು ಆ ಎಡ ಮೂಲೆಯಲ್ಲೇ ನಿಲ್ಲುತ್ತಿತ್ತು. ಒಂದೊಂದು ಕಡೆ ಏನು ಕೇಳಿಸಿತು ಅಂತ ಬೇರೆ ಬೇರೆಯಾಗಿ ಬರಿ. ಅಲಂಕಾರ ಬೇಡ.

ತಂಗಿ


ಏಪ್ರಿಲ್ 14

ಮಲಗಿಕೊಂಡು ಬರೆಯುವ ಮಹಾರಾಣಿಗೆ,

ಅಬ್ಬಾ, ಏನು ವೈಭವ. ಮದುವೆಗೆ ಮುಂಚೆಯೇ ಹಾಸಿಗೆ ಬಿಟ್ಟು ಏಳದ ಹಾಗಾದೆಯಾ? ಅಮ್ಮನಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. "ಯಾವಾಗ ಎದ್ದು ಕೂರ್ತಾಳಂತೆ?" ಅಂತ ಕೇಳಿದಳು. ಮುದುಕರಿಗೆ ತಮಾಷೆ ತಿಳಿಯುವುದಿಲ್ಲ.

ತಟ್ಟಿದೆ ತಾಯಿ, ತಟ್ಟಿದೆ. ಹೊಟ್ಟೆಯ ಮೇಲೆ ತೆವಳಿ, ಮೂಗಿನ ತುಂಬ ಮಣ್ಣು ತುಂಬಿಕೊಂಡು ತಟ್ಟಿದೆ. ಮುಂದಿನ ಚಕ್ರದ ಹತ್ತಿರ: ಗಣ್. ದೇವಸ್ಥಾನದ ಗಂಟೆಯೇ ಸರಿ. ನಡುವೆ: ಗಣ್, ಸ್ವಲ್ಪ ಮೆತ್ತಗೆ. ಇನ್ನು ಅಮ್ಮನ ಸೀಟಿನ ಕೆಳಗೆ, ಆಹಾ, ಅಲ್ಲಿಯದು ಬೇರೆಯದೇ ನಾದ. ದುಂಡಗೆ, ತುಂಬಿಕೊಂಡು, ಧಿಂ ಅಂತು. ಹದ ಮಾಡಿದ ಮದ್ದಳೆಯ ಹಾಗೆ. ಇಡೀ ಕಾರಿನಲ್ಲಿ ಅಷ್ಟು ಸೊಗಸಾಗಿ ನುಡಿದ ಜಾಗ ಇನ್ನೊಂದಿಲ್ಲ. ಈಗಲಾದರೂ ಸಮಾಧಾನವಾಯಿತಾ?

ಹೊರಡುವ ದಿನದವರೆಗೆ ಕಾರಿನೊಳಗೆ ಯಾರೂ ಕಾಲಿಡುವಂತಿಲ್ಲ ಅಂತ ಅಪ್ಪಣೆ ಮಾಡಿದ್ದೇನೆ. ಬಣ್ಣ ಹಸಿಯಾಗಿದೆ.

ನಿನ್ನ ಅಣ್ಣ, ಸಾರಥಿ


ಏಪ್ರಿಲ್ 21

ಅಣ್ಣಾ,

ನಿನ್ನ ಪತ್ರ ಈಗ ಬಂತು, ಈಗಲೇ ಬರೆಯುತ್ತಿದ್ದೇನೆ.

ಕಬ್ಬಿಣ ಗಣ್ ಅನ್ನುತ್ತದೆ. ಕೆಟ್ಟ ಕಬ್ಬಿಣ ಥಪ್ ಅನ್ನುತ್ತದೆ. ಯಾವ ಕಬ್ಬಿಣವೂ ಧಿಂ ಅನ್ನುವುದಿಲ್ಲ. ಧಿಂ ಅನ್ನುವುದು ಬಿಗಿದು ಕಟ್ಟಿದ್ದು, ಒಳಗೆ ಟೊಳ್ಳಾಗಿರುವುದು. ಅಲ್ಲಿ ಏನು ಹಾಕಿದ್ದೀಯ?

ಬೇರೆ ಯಾವ ವಿಷಯವನ್ನೂ ಬರೆಯಬೇಡ. ಏನು ಹಾಕಿದ್ದೀಯ ಅಂತ ಮಾತ್ರ ಬರಿ. ಅಲ್ಲಿಯವರೆಗೆ ಅಮ್ಮನನ್ನು ಅದರಲ್ಲಿ ಕೂರಿಸಬೇಡ.

ತಂಗಿ


ಏಪ್ರಿಲ್ 27

ತಂಗಿಗೆ,

ವಿಚಾರಣೆ ಮುಗಿಯಿತೇ ನ್ಯಾಯಾಧೀಶರೇ? ಆರೋಪಿಯ ಹೇಳಿಕೆ ಕೇಳು.

ಅಲ್ಲಿ ತಳದ ತಗಡು ಉದುರಿ ಹೋಗಿತ್ತು, ಕ್ಯಾನ್ವಾಸು ಹಾಕಿದ್ದೇನೆ. ಅರಮನೆಯ ಪರದೆಯಿಂದ ಕತ್ತರಿಸಿದ್ದು. ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಬಿಗಿದು, ಒಣಗಿಸಿ, ಮೇಲೆ ಕಬ್ಬಿಣದ ಬಣ್ಣ ಬಳಿದಿದ್ದೇನೆ. ಒಂದೊಂದು ರಿವೆಟ್ಟಿಗೂ ನೆರಳು ಕೊಟ್ಟಿದ್ದೇನೆ, ಬೆರಳಿಟ್ಟರೆ ತಣ್ಣಗಿದೆಯೇನೋ ಅನ್ನಿಸಬೇಕು. ತೊಲೆ ತುದಿಯಲ್ಲಿ ಸ್ವಲ್ಪ ಸವೆದಿತ್ತು, ಅದಕ್ಕೂ ಅದೇ ಕಟ್ಟು. ನಗಬೇಡ. ಇದೇ ಅಂಟು, ಇದೇ ಬಟ್ಟೆಯಲ್ಲಿ ನಾನು ಕಟ್ಟಿದ ಉಪ್ಪರಿಗೆಯ ಮೇಲೆ ನಮ್ಮಪ್ಪ ಗದೆ ಹೊತ್ತು ಕುಣಿದಿದ್ದಾನೆ. ಒಂದು ಸಲವೂ ಬಿರುಕು ಬಿಡಲಿಲ್ಲ. ನಿನ್ನ ಕಬ್ಬಿಣಕ್ಕೆ ತುಕ್ಕು ಹಿಡಿಯಿತು. ನನ್ನ ಬಟ್ಟೆಗೆ ಹಿಡಿಯುವುದಿಲ್ಲ.

ಮತ್ತೆ, ನಿನ್ನ ಅಸಲು ಸಂಕಟ ತೊಲೆಯದಲ್ಲ. ಮೊದಲನೇ ಪತ್ರದಲ್ಲೇ ಬರೆದೆಯಲ್ಲ, ಗದ್ದಲದವರಲ್ಲ ಅಂತ. ನಾಟಕದವರ ಮನೆಯ ಕಾರು, ನಾಟಕದವರ ಮಖಮಲ್ಲು, ಗಂಟಲು ದೊಡ್ಡದಾದ ಅಣ್ಣ, ಇವೆಲ್ಲ ಮೇಷ್ಟ್ರ ಮನೆಯ ಬಾಗಿಲಿಗೆ ಬಂದು ಹಾರ್ನ್ ಹೊಡೆದರೆ ಮಾನ ಹೋಗುತ್ತದೆ. ಹಾಗಂತ ನೇರವಾಗಿ ಹೇಳು. ಸುತ್ತಿಗೆಯನ್ನು ಯಾಕೆ ಅಡ್ಡ ಹಿಡಿಯುತ್ತೀಯ?

ಅಪ್ಪ ಸತ್ತಾಗ ಅವನನ್ನು ಬಾಡಿಗೆ ವ್ಯಾನಿನಲ್ಲಿ ಮನೆಗೆ ತಂದೆವು. ಸ್ವಂತ ಕಾರು ಶೆಡ್ಡಿನಲ್ಲಿತ್ತು. ಅದು ನನಗೆ ಮರೆತಿಲ್ಲ.

ಅಣ್ಣ


ಮೇ 1

ಅಣ್ಣಾ,

ಮದುವೆ ಮುಂದಕ್ಕೆ ಹೋಗಿದೆ. ಕಾರಣ ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಹೊಸ ತಾರೀಕು ತಿಳಿಸುವವರೆಗೆ ಹೊರಡಬೇಡಿ.

ತಂಗಿ


ಮೇ 6

ತಂಗಿಗೆ,

ಇದನ್ನು ಬೆಟ್ಟ ದಾಟಿ ನಿಮ್ಮೂರಿಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಟಪಾಲಿಗೆ ಹಾಕಿದರೆ ನಮಗಿಂತ ಹಿಂದೆ ಬರುತ್ತದೆ.

ನಿನ್ನ ಪತ್ರ ಬಂದ ದಿನವೇ ಮೇಷ್ಟ್ರ ತಾಯಿಯ ಪತ್ರವೂ ಬಂತು. ಹತ್ತನೇ ತಾರೀಕು ಎಲ್ಲ ಸಿದ್ಧವಾಗಿದೆ, ಅಮ್ಮನಿಗೆ ಮೆಟ್ಟಿಲು ಹತ್ತುವ ಕಷ್ಟ ಆಗದಂತೆ ಕೆಳಗಿನ ಕೋಣೆ ಬಿಡಿಸಿದ್ದೇವೆ, ಬೇಗ ಬನ್ನಿ ಅಂತ. ಮುತ್ತಿನಂಥ ಅಕ್ಷರ, ಮರ್ಯಾದೆಯ ಮಾತು. ಎರಡೂ ಪತ್ರಗಳನ್ನು ಅಮ್ಮನಿಗೆ ಓದಿದೆ, ಒಂದಾದ ಮೇಲೊಂದು. ನಿನ್ನದನ್ನು ಓದುವಾಗ ನನ್ನ ಗಂಟಲು ಏಳಲಿಲ್ಲ. ತಂಗಿ ತಾಯಿಗೆ ಸುಳ್ಳು ಬರೆದದ್ದನ್ನು ಯಾವ ರಾಗದಲ್ಲಿ ಓದಬೇಕು? ಅಮ್ಮ ಒಂದೇ ಮಾತು ಹೇಳಿದಳು: "ಅವಳು ಸುಮ್ಮನೆ ಸುಳ್ಳು ಹೇಳೋಳಲ್ಲ."

ಎಂಟನೇ ತಾರೀಕು ಬೆಳಗ್ಗೆ ಹೊರಡುತ್ತೇವೆ, ಕಾರಿನಲ್ಲಿ. ಬೇಕಿದ್ದರೆ ಬಾಗಿಲು ಹಾಕಿಕೋ, ಬೀದಿಯಲ್ಲಿ ನಿಂತು ಹಾರ್ನ್ ಹೊಡೆದು ವಾಪಸ್ಸು ಬರುತ್ತೇನೆ.

ಅಮ್ಮ ಹೊಸ ಚಪ್ಪಲಿ ತರಿಸಿಕೊಂಡಿದ್ದಾಳೆ. ಗಟ್ಟಿ ಹಿಮ್ಮಡಿಯದು. ಅಂಗಳದ ಕಲ್ಲಿನ ಮೇಲೆ ಕುಟ್ಟಿ ಕುಟ್ಟಿ ನೋಡುತ್ತಾಳೆ.

ಅಣ್ಣ


ಮೇ 7

ಅಣ್ಣಾ,

ಡ್ರೈವರ್ ಬಾಗಿಲಲ್ಲಿ ನಿಂತಿದ್ದಾರೆ. ಈಗಲೇ ವಾಪಸ್ಸು ಹೊರಡುತ್ತಾರಂತೆ, ಬೆಳಗ್ಗೆ ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾರೆ. ನೀವು ಹೊರಡುವ ಮುಂಚೆ ತಲುಪುತ್ತಾರೋ ಇಲ್ಲವೋ ಗೊತ್ತಿಲ್ಲ.

ನಾನೇ ಅವರ ಬಸ್ಸು ಹತ್ತಿ ಬರುತ್ತಿದ್ದೆ. ಬರಲಾಗುವುದಿಲ್ಲ. ಮಾರ್ಚ್ ಕೊನೆಯಲ್ಲಿ ಡಬ್ಬಿಯೊಂದನ್ನು ಪರೀಕ್ಷೆ ಮಾಡಿ ಇಳಿಯುವಾಗ ಮೆಟ್ಟಿಲು ಕುಸಿಯಿತು. ಹೊಸದಾಗಿ ಬಣ್ಣ ಬಳಿದ ಮೆಟ್ಟಿಲು, ಅಣ್ಣಾ. ಪಳಪಳ ಹೊಳೆಯುತ್ತಿತ್ತು. ಡಬ್ಬಿ ಬಂದರೆ ಮೊದಲು ಸುತ್ತಿಗೆ, ಆಮೇಲೆ ಕಾಲು. ಅದು ನಮ್ಮ ಕ್ರಮ. ಬಣ್ಣ ನೋಡಿ ನಾನು ಕಾಲಿಟ್ಟೆ. ಬಣ್ಣದ ಕೆಳಗೆ ಏನೂ ಇರಲಿಲ್ಲ. ತೊಡೆಯವರೆಗೆ ಪ್ಲಾಸ್ಟರಿದೆ. ಮಲಗಿಕೊಂಡು ಬರೆಯುತ್ತಿದ್ದೇನೆ ಅಂದದ್ದು ಅದಕ್ಕೆ. ಅಮ್ಮ ಹೆದರುತ್ತಾಳೆ, ನೀನು ಕೇಳಿದ ಕೂಡಲೇ ಆ ಕಾರಿನಲ್ಲೇ ಹಾರಿ ಬರುತ್ತೀಯ ಅಂತ ಹೇಳಲಿಲ್ಲ.

ನಾಚಿಕೆಯ ಮಾತು ಕೇಳಿದೆ. ಹೌದು, ಮೊದಲ ಸಲ ಬಸ್ಸಿನಲ್ಲಿ ಬನ್ನಿ ಅಂತ ಬರೆದಾಗ ಸ್ವಲ್ಪ ಇತ್ತು. ಇವತ್ತು ನಿನ್ನ ಪತ್ರ ನೋಡಿ ಪಕ್ಕದಲ್ಲೇ ಇದ್ದ ಮೇಷ್ಟ್ರಿಗೆ ಎಲ್ಲ ಹೇಳಿದೆ. "ನನಗೆ ರಾಜನ ಪಾರ್ಟು ಯಾಕೆ ಕೊಡಲಿಲ್ಲ ಅಂತ ನಿಮ್ಮಣ್ಣನ್ನ ಕೇಳಬೇಕು" ಅಂತ ನಕ್ಕರು. ಹಾಗಾಗಿ ಅದು ಮುಗಿಯಿತು. ಈಗಿರುವುದು ಕಬ್ಬಿಣದ ಮಾತು ಮಾತ್ರ.

ನಿನ್ನ ಉಪ್ಪರಿಗೆಯ ಮೇಲೆ ಅಪ್ಪ ಕುಣಿದದ್ದು ನಿಜ. ಅದರ ಕೆಳಗೆ ಮರದ ಕಂಬಗಳಿದ್ದವು, ಬಡಗಿ ನಿಲ್ಲಿಸಿದ್ದು. ನೀನು ಮುಂದಿನಿಂದ ನೋಡಿದೆ. ನಾನು ಚಿಕ್ಕವಳಿದ್ದಾಗ ಅದರ ಹಿಂದೆ ಮಲಗಿ ನಿದ್ದೆ ಮಾಡುತ್ತಿದ್ದೆ, ಒಂದೊಂದು ಕಂಬವೂ ನನಗೆ ಗೊತ್ತು.

ಹಾರ್ನ್ ಹೊಡೆ, ಕೂಗು, ಡೈಲಾಗ್ ಹೇಳು, ಇಡೀ ಬೀದಿಯನ್ನು ಎಬ್ಬಿಸು. ಆದರೆ ಬಸ್ಸಿನಲ್ಲಿ ಬಾ. ಅಮ್ಮನನ್ನು ಕರೆದುಕೊಂಡು ಬಾ.

ತಂಗಿ


ಮೇ 9, ಬಸ್ ಸ್ಟ್ಯಾಂಡಿನಿಂದ

ತಂಗೀ,

ಈ ಪತ್ರವನ್ನು ನಾನೇ ತಂದು ನಿನ್ನ ದಿಂಬಿನ ಕೆಳಗೆ ಇಡುತ್ತೇನೆ. ಎದುರಿಗೆ ನಿಂತು ಹೇಳಲು ಹೋದರೆ ಗಂಟಲು ಎದ್ದುಬಿಡುತ್ತದೆ, ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಇದನ್ನು ಮೆಲ್ಲಗೆ ಹೇಳಬೇಕು. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಮ್ಮ ಪಕ್ಕದಲ್ಲಿದ್ದಾಳೆ.

ನಿನ್ನೆ ಬೆಳಗ್ಗೆ ಕಾರನ್ನು ಅಂಗಳಕ್ಕೆ ತಂದೆ. ಬಿಸಿಲಿಗೆ ಹೊಳೆಯಿತು. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಅಮ್ಮನನ್ನು ಕೈ ಹಿಡಿದು ಹಿಂದಿನ ಸೀಟಿನ ಎಡಗಡೆ ಕೂರಿಸಿದೆ. ಮಖಮಲ್ಲನ್ನು ಸವರಿ, "ರಾಜಸಭೆದು" ಅಂದಳು. ನಾನು ಸ್ಟೀರಿಂಗ್ ಹಿಡಿದೆ. ಎಂಜಿನ್ ನಗುತ್ತಿತ್ತು. ಎದುರಿಗೆ ಗೇಟು, ಗೇಟಿನಾಚೆ ಇಳಿಜಾರು. ಕ್ಲಚ್ ಒತ್ತಿ, ಗೇರು ಹಾಕಿ, ಹ್ಯಾಂಡ್ ಬ್ರೇಕಿನ ಮೇಲೆ ಕೈಯಿಟ್ಟು ಕಾದೆ. ಅವಳು ಕುಟ್ಟಬೇಕಲ್ಲ.

ಕುಟ್ಟಿದಳು. ಧಿಂ.

ಕನ್ನಡಿಯಲ್ಲಿ ನೋಡಿದೆ. ಅವಳ ತಲೆ ಒಂದು ಕಡೆಗೆ ವಾಲಿತು. ನಟ ಮಾತು ತಪ್ಪಿದಾಗ ರಂಗದ ಪಕ್ಕದಲ್ಲಿ ಹಾಗೇ ವಾಲುತ್ತಿತ್ತು. ಎರಡನೇ ಸಲ ಕುಟ್ಟಿದಳು, ಮೆಲ್ಲಗೆ, ಕೇಳಿಸಿಕೊಳ್ಳುವುದಕ್ಕೆ. ಮೂರನೇ ಸಲ ಬೇಕೆಂದೇ ಜೋರಾಗಿ ಕುಟ್ಟಿದಳು. ಹಿಮ್ಮಡಿ ತೂರಿ ಕೆಳಗೆ ಹೋಯಿತು. ಹೊಸ ಚಪ್ಪಲಿ ಅಂಗಳದ ಕಲ್ಲಿನ ಮೇಲೆ ಬಿದ್ದ ಸದ್ದು ನನಗೂ ಕೇಳಿಸಿತು. ಅವಳು ಕೂಗಲಿಲ್ಲ. ಒಂದು ಕಾಲು ಕಾರಿನೊಳಗೆ, ಒಂದು ಕಾಲು ಕಾರಿನ ಕೆಳಗೆ, ಹಾಗೇ ಕೂತು ಹೇಳಿದಳು:

"ಇದು ಅರಮನೆ ಗೋಡೆ ಕಣೋ. ಪರದೆ ಇಳಿಸು, ಮಗಾ."

ಎಂಜಿನ್ ಆರಿಸಿದೆ.

ಬಸ್ ಡ್ರೈವರ್ ನಿನ್ನ ಪತ್ರ ಹಿಡಿದುಕೊಂಡು ಬಂದಾಗ ಅಮ್ಮ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನಾನು ಓದಿದೆ. ಬಣ್ಣದ ಮೆಟ್ಟಿಲಿನ ಸಾಲಿಗೆ ಬಂದಾಗ ಮುಂದಕ್ಕೆ ಹೋಗಲಾಗಲಿಲ್ಲ. ಮಾತು ಎತ್ತಿಕೊಡುವವಳು ಎದುರಿಗೇ ಇದ್ದಳು, ಅವಳಿಗೂ ಆ ಸಾಲು ಗೊತ್ತಿರಲಿಲ್ಲ. ಆಮೇಲೆ "ಯಾವ ಕಾಲು?" ಅಂತ ಕೇಳಿದಳು. ನೀನು ಬರೆದಿರಲಿಲ್ಲ. ಅದಕ್ಕೆ ಅವಳಿಗೆ ಇನ್ನೂ ಸಿಟ್ಟಿದೆ, ಬಂದ ಮೇಲೆ ಅನುಭವಿಸು.

ಗ್ರೀಸ್ ಮಾಮನನ್ನು ಅವಳೇ ಕರೆಸಿದಳು. ಅವನು ಹೋದದ್ದು ಯಾಕೆ ಅಂತ ಕೇಳಿದ್ದೆಯಲ್ಲ. ಆ ಮೂಲೆ ಕೊಯ್ದು ಹೊಸ ಕಬ್ಬಿಣ ಕೂರಿಸದೆ ಈ ಕಾರಿಗೆ ಕೈ ಹಾಕಲ್ಲ ಅಂದ. ಕೊಯ್ದರೆ ಮೇ ಹತ್ತಕ್ಕೆ ಮುಗಿಯುತ್ತಿರಲಿಲ್ಲ. ಬೇಡ, ಅಮ್ಮನಿಗೂ ಹೇಳಬೇಡ ಅಂದೆ. ಚೀಲ ಎತ್ತಿಕೊಂಡು ಹೋದ. ನಿನ್ನೆ ಬಂದವನೇ ನನ್ನ ಕ್ಯಾನ್ವಾಸು ಹರಿದು, ತೊಲೆಯ ತುದಿಗೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದ. ನೆನೆದ ರಟ್ಟಿನೊಳಗೆ ಹೋದ ಹಾಗೆ ಹಿಡಿಯವರೆಗೂ ಹೋಯಿತು. ಆಮೇಲೆ ನನ್ನ ರಿವೆಟ್ಟುಗಳನ್ನು ನೋಡಿ, "ಬರೆದಿರೋದು ಮಾತ್ರ ಚೆನ್ನಾಗಿದೆ" ಅಂದ. ಇಬ್ಬರೂ ನಗಲಿಲ್ಲ. ಸಂಜೆ ಒಟ್ಟಿಗೆ ಸೀಟುಗಳನ್ನು ಕಳಚಿ ಇಳಿಸಿದೆವು. ಮದುವೆಯಿಂದ ವಾಪಸ್ಸು ಬಂದ ಮೇಲೆ ತಳದಿಂದ ಶುರು ಮಾಡುತ್ತೇವೆ. ತೊಲೆ ಕೂರಿಸುವ ದಿನ ನೀನು ಬರಬೇಕು, ನಿನ್ನ ಸುತ್ತಿಗೆಯ ಜೊತೆ. ನೀನು ತಟ್ಟಿ ಹೂಂ ಅನ್ನುವವರೆಗೆ ನಾನು ಬಣ್ಣದ ಡಬ್ಬ ತೆರೆಯುವುದಿಲ್ಲ.

ಅಪ್ಪನ ಕಾರಿನಲ್ಲಿ ಅಮ್ಮ ಬಂದು ಇಳಿಯಬೇಕು ಅಂದುಕೊಂಡಿದ್ದೆ. ಅವಳು ಬಂದು ಇಳಿಯುವುದು ಮುಖ್ಯ ಅನ್ನುವುದು ನನ್ನ ತಲೆಗೆ ಬರಲಿಲ್ಲ.

ಬಸ್ಸು ಬಂತು. ಅದೇ ಡ್ರೈವರ್. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದಾರೆ. ನಾನು ಪಕ್ಕದಲ್ಲಿ, ಮಂಡಿಯ ಮೇಲೆ ಕಾಗದ ಇಟ್ಟುಕೊಂಡು. ಡ್ರೈವರ್ ಕೀಲಿಗೆ ಕೈ ಹಾಕಿದರು. ಅಮ್ಮ "ಇರಪ್ಪಾ ಒಂದ್ನಿಮಿಷ" ಅಂದು ಕಾಲು ಎತ್ತಿದ್ದಾಳೆ. ಬಸ್ಸಿನ ಜನವೆಲ್ಲ ನೋಡುತ್ತಿದ್ದಾರೆ.

ಗಣ್ ಅಂತು. ಮೂರು ಸಲವೂ.

ಹೊರಟೆವು.

ನಿನ್ನ ಅಣ್ಣ